ಎಡಗಡೆಯ ಖಾಲಿ

ಫೆಬ್ರವರಿ. ಮುಂಜಾನೆ ಐದೂಕಾಲು.
ಕೆರ್ಕಿನಿ ಸರೋವರದ ದಂಡೆಯಲ್ಲಿ
ಅನೇಸ್ತಿಸ್ ಗಾಡಿ ನಿಲ್ಲಿಸುತ್ತಾನೆ, ಹೀಟರು ಆರಿಸುವುದಿಲ್ಲ.
"ಹೋಗು, ನಿನ್ನ ಹಕ್ಕಿಗಳು ಕಾಯ್ತಿವೆ" ಅನ್ನುತ್ತಾನೆ,
ಬಲವಂತಕ್ಕೆ ಮದುವೆಗೆ ಬಂದ ನೆಂಟನ ದನಿಯಲ್ಲಿ.
ಪ್ರಾಣಿ ಪಕ್ಷಿ ಅವನಿಗೆ ಆಗಿಬರುವುದಿಲ್ಲ.
ಮೂವತ್ತು ವರ್ಷ ಹಾಲಿನ ಡೇರಿಯಲ್ಲಿ ದುಡಿದವನು,
ನೋಡಬೇಕಾದ ಬಾಲಗಳನ್ನೆಲ್ಲ ನೋಡಿಯಾಯಿತಂತೆ.
ಎರಡು ಕುಲೂರಿ, ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ,
ಕಾಗದದಲ್ಲಿ ಸುತ್ತಿ ಅವನ ಪಕ್ಕ ಇಟ್ಟು ಇಳಿಯುತ್ತೇನೆ.

ನಾನು ಶಾಲೆಯ ಬಸ್ಸು ಓಡಿಸುವವಳು.
ವಾರಕ್ಕೈದು ದಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಜಗಳ ನೋಡುತ್ತ
ಮುಂದಿನ ತಿರುವು ಹಿಡಿಯುವ ಕೆಲಸ.
ಶನಿವಾರಕ್ಕೆ ಒಂದೇ ಕಣ್ಣು ಸಾಕು.
ಕ್ಯಾಮೆರಾ ಸೆರ್ರೆಸ್ ಪೇಟೆಯ ಹಳೇ ಸಾಮಾನಿನ ಅಂಗಡಿಯದು,
ಸೆನ್ಸರಿನ ಮೇಲೆ ಯಾರದೋ ಬೇಸಿಗೆಯ ಧೂಳಿನ ಕಣ.
ನನ್ನ ಆಕಾಶಕ್ಕೆಲ್ಲ ಬಲಮೂಲೆಯಲ್ಲೊಂದು ಮಚ್ಚೆ.

ದೋಣಿ ಸ್ಟೆರ್ಗಿಯೋಸನದು.
ಮಂಜು ಎಷ್ಟೆಂದರೆ
ಅವನ ಕೆಮ್ಮು ಕೇಳಿಸುತ್ತದೆ, ಅವನು ಕಾಣಿಸುವುದಿಲ್ಲ.
ಅರ್ಧ ಮುಳುಗಿದ ವಿಲೋ ಮರಗಳಲ್ಲಿ ನೀರುಕಾಗೆಗಳು
ರೆಕ್ಕೆ ಹರವಿ, ಒಣಹಾಕಿ ಮರೆತ ಕೋಟುಗಳ ಹಾಗೆ.
ಆಮೇಲೆ ಹೆಜ್ಜಾರ್ಲೆಗಳು.
ಕೊಕ್ಕಿನ ಚೀಲಕ್ಕೆ ಈ ದಿನಗಳಲ್ಲಷ್ಟೇ ಏರುವ ಕೆಂಪು,
ತಲೆಯ ಮೇಲೆ ಈಗಷ್ಟೇ ಹಾಸಿಗೆ ಬಿಟ್ಟೆದ್ದ ಕೂದಲು.
ಮೀನಿನ ಬಕೆಟ್ಟು ಕಂಡದ್ದೇ ತಡ, ಪಂಕ್ತಿಯಲ್ಲಿ ಕೂತವರಂತೆ
ಬಡಿಸುವವನ ಕೈಯನ್ನೇ ನೋಡುತ್ತವೆ.

ಇಲ್ಲಿಯ ತನಕ ನಾನು ಹಿಡಿದದ್ದು:
ಕೊಕ್ಕಿಲ್ಲದ ಹೆಜ್ಜಾರ್ಲೆ,
ಹೆಜ್ಜಾರ್ಲೆಯೇ ಇಲ್ಲದ ನೀರಿನುಂಗುರ,
ಜೊಂಡಿನ ಹಿಂದೆ ಗುಲಾಬಿ ಕಲೆಯಾಗಿ ಕರಗಿದ ರಾಜಹಂಸದ ಹಿಂಡು,
ಸ್ಟೆರ್ಗಿಯೋಸನ ಮೊಣಕೈ, ಬಹಳ ಸ್ಪಷ್ಟವಾಗಿ.
ಒಮ್ಮೆ ಮಿಂಚುಳ್ಳಿಯೊಂದು ದೋಣಿಯ ಮೂತಿಯ ಮೇಲೇ ಬಂದು ಕೂತಿತು.
ಬ್ಯಾಟರಿ ಸತ್ತಿತ್ತು. ಕೈಗೆ ಬಂದ ತುತ್ತು.
ಒಬ್ಬರನ್ನೊಬ್ಬರು ನೋಡಿಕೊಂಡೆವು.
ಅದೂ ಏನೂ ಅನ್ನಲಿಲ್ಲ.

ಕಳೆದ ಶನಿವಾರ ಮಾತ್ರ
ಮಂಜು ಒಂದು ಬದಿಯಿಂದ ಹರಿಯಿತು, ಹಳೇ ಸೀರೆ ಹರಿದ ಹಾಗೆ, ಸದ್ದಿಲ್ಲದೆ.
ಬೆಲೆಸ್ ಬೆಟ್ಟದ ಹಿಮದಂಚಿಗೆ ಬೆಳಕು ತಾಗಿದ ಕ್ಷಣಕ್ಕೆ ಸರಿಯಾಗಿ
ಒಂಟಿ ಹೆಜ್ಜಾರ್ಲೆ ನೀರಿಗಿಳಿಯಿತು
ಎರಡೂ ಕಾಲು ಮುಂದೆ ಚಾಚಿ,
ಬ್ರೇಕು ಸಾಲದ ನನ್ನ ಬಸ್ಸಿನಂತೆ.
ಒತ್ತಿದೆ.

ಸಹಕಾರ ಸಂಘದ ಎವ್ದೋಕ್ಸಿಯಾ ಫೋನಿನಲ್ಲೇ ಕುಣಿದಳು:
"ಕ್ಯಾಲೆಂಡರಿಗೆ! ಫೆಬ್ರವರಿ ನಿನ್ನದೇ!
ಎಡಗಡೆ ಒಂದಿಷ್ಟು ಕತ್ತರಿಸು. ಅಲ್ಲೇನಿದೆ, ಬರೀ ಖಾಲಿ.
ಹಕ್ಕಿ ನಡುವಿಗೆ ಬರಲಿ."

ರಾತ್ರಿ ಕತ್ತರಿಸಲು ಕೂತೆ.
ಖಾಲಿ ಎಷ್ಟು ಖಾಲಿ ನೋಡೋಣವೆಂದು
ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಜೊಂಡು ಚೌಕ ಚೌಕವಾಗಿ ಒಡೆಯುವ ತನಕ.
ದಂಡೆ.
ನಮ್ಮ ಬಿಳಿ ಪಿಕಪ್ಪು, ಬಾಗಿಲು ತೆರೆದಿದೆ.
ಕರಿಯ ಚುಕ್ಕೆ, ಎಮ್ಮೆ. ಪಕ್ಕದ ಗಿಡ್ಡ ಚುಕ್ಕೆ ಅದರ ಕರು.
ಕರುವಿನೆದುರು ಮಂಡಿಯೂರಿ ಕಂದು ಜಾಕೆಟ್ಟು.
ಚಾಚಿದ ಕೈಯಲ್ಲಿ
ಏಳೋ ಎಂಟೋ ಚೌಕದಷ್ಟು, ದುಂಡಗಿನದೇನೋ.

ಅದಕ್ಕೇ ಇರಬೇಕು, ಎರಡೂ ತಿಂದೆ ಅನ್ನುವವನು
ಮನೆ ಸೇರಿದೊಡನೆ ಬೀನ್ಸ್ ಸೂಪಿನ ಮೇಲೆ ತೋಳದಂತೆ ಬೀಳುವುದು.
ಅದಕ್ಕೇ ತೋಳಿನ ಅಂಚಿಗೆ
ನಾನು ಸಾಬೂನು ಬದಲಿಸಿ ಬದಲಿಸಿ ತಿಕ್ಕಿದ
ಆ ಒಣಗಿದ ಜೊಲ್ಲಿನ ಗೆರೆ.
ಒಳಕೋಣೆಯಲ್ಲಿ ಅವನ ಗೊರಕೆ, ಎಂದಿನ ಹಾಗೆ.
ಪರದೆ ಆರಿಸದೆ ಬಹಳ ಹೊತ್ತು ಕೂತಿದ್ದೆ.

ಕತ್ತರಿಸುವುದಿಲ್ಲ ಅಂದೆ ಬೆಳಿಗ್ಗೆ.
ಎವ್ದೋಕ್ಸಿಯಾ ಕಾರಣ ಕೇಳಿದಳು, ರೇಗಿದಳು, ರಮಿಸಿದಳು,
ಎಮ್ಮೆಯ ಮೇಲೆ ಮಳೆ ಸುರಿಸಿದಳು.
ಫೆಬ್ರವರಿಗೆ ಈಗ ಯಾರದೋ ಚರ್ಚಿನ ಗೋಪುರ.

ಮತ್ತೆ ಶನಿವಾರ, ಐದೂಕಾಲು.
ಕಾಗದದ ಪೊಟ್ಟಣ ಸೀಟಿನ ಮೇಲಿಟ್ಟೆ.
ತೂಗಿ ನೋಡಿದ, ಬಿಚ್ಚಿ ನೋಡಿದ.
"ಮೂರ್ಯಾಕೆ?"
"ಚಳಿ" ಅಂದೆ,
ಇಳಿದು ಬಾಗಿಲು ಹಾಕಿದೆ.