ಹದಿನಾಲ್ಕನೆಯ ಮಹಡಿಯ ಸೌದೆ

ಅಡಿಸ್ ಅಬಾಬದ ಈ ತಿರುವಿನಲ್ಲಿ
ಅಲ್ಗನೆಶ್ ಮೂರು ಸಲ ಮಣೆ ಸರಿಸಿದ್ದಾಳೆ,
ನೆರಳು ಬೆಳೆದಂತೆಲ್ಲ ಒಂದೊಂದು ಮಾರು.

ಮೊದಲು ಬಂದದ್ದು ನೀಲಗಿರಿ ಕಂಬಗಳು,
ಎಂಟೋಟೊ ಗುಡ್ಡದಿಂದ, ಲಾರಿ ತುಂಬ, ಹಸಿ ವಾಸನೆ ಸಮೇತ.
ಮೊಳೆ ಹೊಡೆದು, ಮೊಳೆ ಹೊಡೆದು
ಕಡಿದ ಕಾಡನ್ನೇ ಮತ್ತೆ ನೆಟ್ಟಗೆ ನಿಲ್ಲಿಸಿದರು.
ಅದರೊಳಗೆ ಸಿಮೆಂಟು ಮೆಲ್ಲಗೆ ಎದ್ದು ನಿಂತಿತು.
ಗುಡ್ಡ ಕಾಣದಾಯಿತು.

ಕಾಫಿಗೆ ಇಳಿದುಬಂದ ಮುಲುಗೆತಾನನ್ನು ಕೇಳಿದಳು:
ಮೇಲೆ ಹೇಗಿದೆಯೋ?
‘ಗಾಳಿ’ ಅಂದ.
ಎರಡನೇ ಬಟ್ಟಲಿಗೆ ಸಕ್ಕರೆ ಜಾಸ್ತಿ ಹಾಕಿಸಿಕೊಂಡು
‘ನಿನ್ನ ಹೊಗೆ ಅಲ್ಲಿಗೂ ಬರುತ್ತೆ’ ಅಂದ.

ಈಗ ಗಾಜು ಕೂರಿಸಿಯಾಗಿದೆ. ಹುಡುಗ
ಬೇರೆ ಯಾವ ಕಟ್ಟಡ ಹತ್ತಿದನೋ.
ಕಂಬ ಕಳಚಿ ಅಗ್ಗಕ್ಕೆ ಮಾರುತ್ತಿದ್ದಾರೆ,
ಅವಳೂ ಒಂದು ಕಟ್ಟು ಕೊಂಡಳು.
ಚೆನ್ನಾಗಿ ಒಣಗಿದ್ದು;
ಸಿಮೆಂಟು ಮೆತ್ತಿದ ಕಡೆ ಮಾತ್ರ ಚಟಪಟ.

ಹದಿನಾಲ್ಕನೆಯ ಮಹಡಿಯನ್ನು ಎತ್ತಿ ಹಿಡಿದಿದ್ದೋ
ಅವನ ಪಾದ ಊರಿದ್ದೋ, ಇನ್ಯಾವುದೋ,
ಜೆಬೆನಾದ ಅಡಿಯಲ್ಲಿ ಉರಿಯುತ್ತಿದೆ.
ಮಣ್ಣಿನ ಕೊರಳಲ್ಲಿ ಕಾಫಿ ಉಕ್ಕಿ ಬರುವಾಗ
ತಲೆಯೆತ್ತಿ ನೋಡುತ್ತಾಳೆ:

ಗಾಜಿನ ಮೇಲೆ ಅವಳ ಹೊಗೆ
ಮಹಡಿ ಮಹಡಿಯಾಗಿ ಏರುತ್ತಿದೆ.
ಕಿಟಕಿ ಒಂದೂ ತೆರೆಯುವಂಥದ್ದಲ್ಲ.