ಮನೆ ನಂಬ್ರ ಏಳು ಬಾರ್ ನೂರ ಹದಿಮೂರು

ಮೂವತ್ತೊಂದು ವರ್ಷ ಕಾಸರಗೋಡಿನ ಬಂದರು ವಾರ್ಡಿನ ಮನೆ ತೆರಿಗೆ
ನಾನೇ ವಸೂಲು ಮಾಡಿದ್ದು ಮಾರಾಯ್ರೇ,
ಕಂಕುಳಲ್ಲಿ ರಶೀದಿ ಪುಸ್ತಕ, ಕೈಯಲ್ಲಿ ಕೊಡೆ,
ಚಪ್ಪಲಿಯೊಳಗೆ ಯಾವಾಗಲೂ ಒಂದಿಷ್ಟು ಮರಳು.

ಒಂದು ಜಗಲಿಯಲ್ಲಿ ಕುಲ್ಲುಲೆ ಅಂದರು,
ಮುಂದಿನದರಲ್ಲಿ ಇರಿ ಮೋನೇ,
ಪುಂಡಲೀಕ ಪೈಗಳ ಉಪ್ಪಿನ ಮಂಡಿಯಲ್ಲಿ ಬೈಸ, ಬೈಸ.
ಎಲ್ಲ ಭಾಷೆಯಲ್ಲೂ ಕೂತೆ.
ದುಡ್ಡು ಮಾತ್ರ ಯಾವ ಭಾಷೆಯಲ್ಲೂ ಹೊರಗೆ ಬರಲಿಲ್ಲ.
ನಾಳೆ ಅಂದರು. ಮಲೆಯಾಳಕ್ಕೂ ಕನ್ನಡಕ್ಕೂ ಅದೊಂದೇ ಶಬ್ದ,
ಐವತ್ತಾರರಲ್ಲಿ ಪಾಲು ಮಾಡುವಾಗ
ಯಾರ ಕಣ್ಣಿಗೂ ಬೀಳದೆ ಉಳಿದದ್ದು.
ತುಳುವಿನವರು ನಾಳೆಗೆ ಎಲ್ಲೆ ಅನ್ನುತ್ತಾರೆ.
ಎಲ್ಲೆ ಅಂದರೆ ನಮ್ಮಲ್ಲಿ ಗಡಿ.
ಅದನ್ನು ಆ ಬಿಸಿಲಲ್ಲಿ ಯಾರಿಗೆ ಹೇಳುವುದು.

ನಾನು ಕೆಲಸಕ್ಕೆ ಸೇರುವಾಗಲೇ ಬಂದರು ಮುದುಕ.
ಕಸ್ಟಮ್ಸ್ ಕಟ್ಟೆಯ ಕುರ್ಚಿಗೆ ಮೂರೇ ಕಾಲು,
ನಾಲ್ಕನೆಯದು ಮೂರು ಹೆಂಚು.
ಖರ್ಜೂರ ಇಳಿಸಿ, ಹೆಂಚು ಹೇರಿ, ಗಾಳಿ ಕಾದು ಹೊರಟ ಉರುಗಳನ್ನು
ನಾನು ಕಂಡವನಲ್ಲ; ಕುಂಞಂಬು ಆಚಾರಿ ಕಂಡಿದ್ದ.
ಮೊಳೆಯೇ ಇಲ್ಲದೆ ಹಲಗೆಗೆ ಹಲಗೆ
ಹಗ್ಗದಲ್ಲಿ ಹೊಲಿಯುತ್ತಿದ್ದ ಅಜ್ಜನ ಕತೆಯನ್ನು
ತಾನೇ ಹೊಲಿದವನಂತೆ ಅಂಗೈ ತೋರಿಸಿ ಹೇಳುತ್ತಿದ್ದ.
ಕೊನೆಯ ಉರು ಚಂದ್ರಗಿರಿಯ ಅಳಿವೆಯಲ್ಲಿ
ಮರಳ ದಿಣ್ಣೆಗೆ ಕೂತದ್ದು ಏಳಲಿಲ್ಲ.
ಅದರ ಮರ ಈಗ ವಾರ್ಡಿನಲ್ಲಿ ಹನ್ನೊಂದು ಬಾಗಿಲು.
ತಟ್ಟಿದರೆ ಗೊತ್ತಾಗುತ್ತದೆ:
ಸದ್ದು ಒಳಮನೆಗೆ ಹೋಗುವುದಿಲ್ಲ, ಕೆಳಗಿಳಿಯುತ್ತದೆ.

ಐಸುಮ್ಮ ಟೋಪಿ ಹೊಲಿಯುತ್ತಲೇ ಕೇಳುವಳು:
ಇದರಲ್ಲಿ ಈ ಒಂಬತ್ತು ರೂಪಾಯಿ ಎಂತಕ್ಕೆ?
ಬೀದಿ ದೀಪಕ್ಕೆ, ಅಂದೆ.
ದೀಪ ಕೆಟ್ಟು ಎರಡು ಪೆರ್ನಾಲ್ ಆಯಿತು, ಅಂದಳು.
ಗಂಡ ಬಸ್ರಾದವರೆಗೆ, ಮಗ ದುಬೈವರೆಗೆ,
ಅವಳು ಕಿಟಕಿಯ ಬೆಳಕು ಬೀಳುವಷ್ಟು ದೂರ.
ಬಿಳಿಯ ಮೇಲೆ ಬಿಳಿ ನೂಲು, ನನಗೇನೂ ಕಾಣಿಸದು.
ಬೆರಳಲ್ಲಿ ನೋಡಿ, ಅಂದಳು ಒಮ್ಮೆ.
ನೋಡಿದೆ. ಬಳ್ಳಿ ಇತ್ತು.
ಒಂಬತ್ತು ರೂಪಾಯಿ ಆ ವರ್ಷ ನಾನೇ ಕಟ್ಟಿದೆ.

ರಶೀದಿ ಮಲೆಯಾಳದಲ್ಲಿ ಅಚ್ಚು, ಹಿಂಬದಿ ಖಾಲಿ.
ಕೇಳಿದವರಿಗೆ ಅಲ್ಲಿ ಕನ್ನಡದಲ್ಲಿ ಹೆಸರು ಬರೆದು ಕೊಟ್ಟೆ.
ಕಾನೂನಿನಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ.
ಆದರೂ ಗುಲಾಬಿ ಮರಕಾಲ್ತಿ ಪ್ರತಿ ಮಾರ್ಚಿಗೆ
ಮೀನು ಬುಟ್ಟಿ ಆಫೀಸಿನ ಮೆಟ್ಟಿಲಲ್ಲಿಟ್ಟು,
ಒದ್ದೆ ನೋಟು ಬಿಡಿಸಿ ಹದಿನೆಂಟು ರೂಪಾಯಿ ಎಣಿಸುವಳು
ಏಳು ಬಾರ್ ನೂರ ಹದಿಮೂರಕ್ಕೆ.

ಆ ಮನೆ ಇಲ್ಲ.
ಒಂದು ಆಷಾಢದ ರಾತ್ರಿ ಕಡಲು ಬಂತು,
ಮೊದಲು ತೆಂಗು, ಆಮೇಲೆ ಬಚ್ಚಲು,
ಬೆಳಗಾಗುವಾಗ ಮೂರು ಮೆಟ್ಟಿಲು ಉಳಿದಿದ್ದವು
ಎಲ್ಲಿಗೂ ಹತ್ತದೆ.

ಮನೆಯೇ ಇಲ್ಲವಲ್ಲ ಗುಲಾಬಕ್ಕ, ಅಂದೆ.
ಮನೆ ಕೇಳಿದೆನಾ ನಾನು? ರಶೀದಿ ಕೊಡಿ.
ಎಲ್ಲೆ ಕಡಲು ವಾಪಸು ಕೊಟ್ಟರೆ
ಯಾರದ್ದು ಅಂತ ಯಾವುದನ್ನು ತೋರಿಸುವುದು?

ತಪಾಸಣೆ ಬಂದಾಗಲೆಲ್ಲ ಷರಾ ಕಾಲಂನಲ್ಲಿ
ನಾನು ಬರೆದೆ: ಬಾಗಿಲು ಹಾಕಿದೆ.
ಹತ್ತೊಂಬತ್ತು ವರ್ಷ ಅದೇ ಷರಾ.
ಸುಳ್ಳು ಅಂತ ಅನಿಸಲಿಲ್ಲ.

ಈಗ ಅಲ್ಲಿ ಬಂಡೆ ಸುರಿದಿದ್ದಾರೆ, ಮಂಜುಗಡ್ಡೆಯ ಕಾರ್ಖಾನೆ,
ದೋಣಿಗಳಿಗೆ ಯಂತ್ರ, ಯಂತ್ರಕ್ಕೆ ಬ್ಯಾಂಕು.
ಪೈಗಳ ಮಂಡಿ ಮೊಬೈಲ್ ಅಂಗಡಿ,
ಗೋಡೆ ಮಾತ್ರ ಇನ್ನೂ ಉಪ್ಪು ಬೆವರುತ್ತದೆ.
ಗುಲಾಬಕ್ಕ ಹೋದ ವರ್ಷ ತೀರಿಕೊಂಡಳು.

ಮೊನ್ನೆ ಸಂಜೆ ಬಂಡೆಯ ಮೇಲೆ ಕೂತಿದ್ದೆ.
ಕತ್ತಿಗೆ ಯಂತ್ರ ನೇತು ಹಾಕಿಕೊಂಡ ಹೊಸ ಹುಡುಗ ಬಂದ.
ಸಾರ್, ಏಳು ಬಾರ್ ನೂರ ಹದಿಮೂರು ಎಲ್ಲಿ?
ನೀರಿನ ಕಡೆ ಕೈ ತೋರಿಸಿದೆ.
ಅವನು ನೋಡಿದ, ಯಂತ್ರ ನೋಡಿದ, ಮತ್ತೆ ನೋಡಿದ.
ಬಾಗಿಲು ಹಾಕಿದೆ ಅಂತ ಉಂಟಲ್ಲ ಇದರಲ್ಲಿ,
ಯಾವಾಗ ತೆಗೆಯುತ್ತಾರೆ?

ಇಳಿತದ ಹೊತ್ತಿಗೆ, ಅಂದೆ.