ಏಳುನೂರ ಐವತ್ತಾರು ಯೆನ್

ಎರಡು ಜೀರುಂಡೆಗೆ ಒಂದು ಲಕ್ಷ ಎಂದಿದ್ದರು.
ಮೀಸೆ, ಮೊಣಕಾಲಿನ ಮುಳ್ಳು, ರೆಕ್ಕೆಯ ಒಳಮಡಿಕೆ
ಎಲ್ಲ ಎಣಿಸಿ ಬಿಡಿಸಿ ಕಳಿಸಿದ್ದೆ
ಟೋಕಿಯೋದ ಮಕ್ಕಳ ಪುಸ್ತಕದವರಿಗೆ.
ಪಾಸ್‌ಬುಕ್ಕಿನಲ್ಲಿ ಬಿದ್ದದ್ದು
ಎಂಬತ್ತೊಂಬತ್ತು ಸಾವಿರದ ಏಳುನೂರ ತೊಂಬತ್ತು.

ಆರು ಕಾಲು ಬಿಡಿಸಿದವನಿಗೆ ಐದೂವರೆ ಕಾಲಿನ ಕೂಲಿ!
ಬ್ಯಾಂಕಿನವನು ಪೆನ್ನು ತಿರುಗಿಸುತ್ತ ಅಂದ,
ನಮ್ಮದೇನಿಲ್ಲ, ಕೊಟ್ಟವರನ್ನೇ ಕೇಳಿ.
ಕೊಟ್ಟವರು ಬರೆದದ್ದು ಒಂದೇ ಸಾಲು:
'ಮೂಲದಲ್ಲೇ ಹಿಡಿದಿದೆ. ದಯವಿಟ್ಟು ಮನ್ನಿಸಿ.'

ಹಿಡಿದಿದೆ.
ಆ ಮಾತಿನ ಮುಂದೆ ಎಷ್ಟೋ ಹೊತ್ತು ಕೂತೆ.
ಕದ್ದಿದೆ ಅಲ್ಲ, ಕಳೆದಿದೆ ಅಲ್ಲ,
ಹಿಡಿದಿದೆ.
ರಸ್ತೆ ದಾಟುವಾಗ ಮಗುವಿನ ಕೈ ಹಿಡಿದಂತೆಯೋ
ಸಂತೆಯಲ್ಲಿ ಜೇಬುಗಳ್ಳನ ಕೈ ಹಿಡಿದಂತೆಯೋ
ತಿಳಿಯಲಿಲ್ಲ.

ನಮ್ಮ ರಾಚಾ ಕಡೆ ಹೊಳೆಗಿರಣಿಯ ಬೆಸೊ
ಜೋಳದ ಮೂಟೆಗೆ ಮೊದಲು ತನ್ನ ಬೋಗುಣಿ ಇಳಿಸಿ
ಪಾಲು ಮುರಿದುಕೊಂಡೇ ಕಲ್ಲು ತಿರುಗಿಸುತ್ತಿದ್ದ.
ಅಜ್ಜಿ ಪಕ್ಕದಲ್ಲೇ ನಿಂತಿರುತ್ತಿದ್ದಳು:
'ಗುಡ್ಡ ಏರಿಸಬೇಡ ಬೆಸೊ, ಬಾಯಿಮಟ್ಟ ಸಾಕು.'
ಇಲ್ಲಿ ಯಾರ ಬೋಗುಣಿಯ ಬಾಯಿ ಸವರಿ ನೋಡಲಿ?

ಫೆಬ್ರವರಿ ಕೊನೆ, ಮತ್ಸುಮೊತೊ.
ತೆರಿಗೆ ಕಚೇರಿಯ ಸೀಮೆಎಣ್ಣೆ ಒಲೆಯ ಸುತ್ತ
ಸೇಬಿನ ತೋಟದವರು, ಪಿಯಾನೋ ಮೇಷ್ಟರು,
ಮನೆ ಬಾಡಿಗೆ ಕೊಟ್ಟು ಬದುಕುವ ಮುದುಕರು.
ಫಾರಂನಲ್ಲಿ ನನ್ನ ಹೆಸರು ಕ್ವಿರಿಕಾಶ್ವಿಲಿ
ಚೌಕಗಳು ಮುಗಿದರೂ ತಾನು ಮುಗಿಯದೆ
ಅಂಚಿನಾಚೆ ಬಾಲ ಚಾಚಿತು.
'ಪರವಾಗಿಲ್ಲ, ಹೊರಗೇ ಬರಲಿ' ಎಂದರು
ಹೆಬ್ಬೆರಳಿಗೆ ರಬ್ಬರ್ ಟೋಪಿ ತೊಟ್ಟ ಕುಮಗಾಯ್ ಮೇಡಂ.

'ನೋಡಿ, ಹಿಡಿದದ್ದು ಹತ್ತು ಸಾವಿರದ ಇನ್ನೂರ ಹತ್ತು.
ಹತ್ತು ಸಾವಿರ, ದುಡಿದದ್ದರ ಮೇಲೆ.
ಇನ್ನೂರ ಹತ್ತು...' ರಬ್ಬರ್ ಬೆರಳು ಅಲ್ಲೇ ತಡೆಯಿತು,
'ಸುನಾಮಿಯದು. ಊರು ಮತ್ತೆ ಕಟ್ಟಲಿಕ್ಕೆ.
ಎಲ್ಲರದೂ ಹಿಡಿಯುತ್ತಾರೆ.'

ತೆರೆಗೆ ತೆತ್ತ ತೆರಿಗೆ.
ಆ ತೆರೆ ಬಂದ ಬೆಳಿಗ್ಗೆ ನಾನು ಕುತೈಸಿಯಲ್ಲಿ
ಶಾಲೆ ತಪ್ಪಿಸಿ, ಬೆಂಕಿಪೊಟ್ಟಣದೊಳಗೆ
ಗುಲಗಂಜಿ ಹುಳ ತುಂಬುತ್ತಿದ್ದೆ.
ಇವರಿಗೆ ಆಗ ಮಧ್ಯಾಹ್ನ.

'ಖರ್ಚು ಹೇಳಿ.'
ಶಾಯಿ, ಕಾಗದ, ಭೂತಗನ್ನಡಿ, ದೀಪದ ಕರೆಂಟು.
'ಇದೇನು, ಸತ್ತ ಜೀರುಂಡೆ, ನಾಲ್ಕು ಸಾವಿರ?'
ಮಾದರಿಗೆ ಕೊಂಡದ್ದು.
'ರಸೀದಿ ಇದೆಯೇ?'
ಇದೆ.
'ಹಾಗಾದರೆ ಅದೂ ಖರ್ಚೇ.'
ನಗಲಿಲ್ಲ. ಒಲೆಯ ಬಳಿ ಯಾರೋ ನಕ್ಕರು.

ವರ್ಷವಿಡೀ ಹಿಡಿದದ್ದು ಎರಡು ಲಕ್ಷದ ಮೇಲೆ ನಾಲ್ಕು ಸಾವಿರದ ಇನ್ನೂರು.
ಕೊಡಬೇಕಾದದ್ದು ಮೂವತ್ತಾರು ಸಾವಿರದ ಏಳುನೂರ ಐವತ್ತಾರು.
ಮಿಕ್ಕಿದ್ದೆಲ್ಲ ವಾಪಸ್ಸು!
ಅಂದರೆ ಅಷ್ಟು ದಿನ ಹಿಡಿದದ್ದು
ಮಗುವಿನ ಕೈಯನ್ನೇ ಇರಬೇಕು.
'ಊರು ಕಟ್ಟುವುದಕ್ಕೆ ನಿಮ್ಮಿಂದ ಕೊನೆಗೆ ಉಳಿದದ್ದು
ಆ ಏಳುನೂರ ಐವತ್ತಾರು.'
ಒಂದು ಬಟ್ಟಲು ಸೋಬಾ, ಮೇಲೊಂದು ಮೊಟ್ಟೆ. ಅಷ್ಟೇ.

ಆ ಬಾಬಿನಲ್ಲಿ ಹಿಡಿದದ್ದೆಲ್ಲ ಅಲ್ಲೇ ಇರಲಿ
ಎನ್ನಬಹುದೇ, ಎಂದೆ.
ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ
ನಿಜವಾಗಿಯೂ ಹುಡುಕಿದರು.
'ಅದಕ್ಕೆ ಚೌಕವಿಲ್ಲ.'

ಮೊಹರು ಒತ್ತಿ, ಆರಲೆಂದು ಉಫ್ ಎಂದು ಊದಿ
ಕೇಳದೆಯೇ ಅಂದರು, ನನ್ನದು ಕೆಸೆನ್ನುಮಾ.
ಈಗ ಗೋಡೆ ಕಟ್ಟಿದ್ದಾರೆ, ಒಳ್ಳೆ ಗಟ್ಟಿ ಗೋಡೆ.
ಅಮ್ಮನ ಅಂಗಡಿಯಿಂದ ಸಮುದ್ರ ಕಾಣುವುದಿಲ್ಲ.
ಸದ್ದು ಬರುತ್ತದೆ.
ಆಮೇಲೆ ಮುಂದಿನ ನಂಬರು ಕೂಗಿದರು.

ಹೊರಗೆ ಹಿಮ. ಸುತ್ತ ಬೆಟ್ಟ.
ಕಡಲಿನ ಸುಳಿವೇ ಇಲ್ಲದ ಊರಿನಲ್ಲಿ ನಡೆಯುತ್ತ ಲೆಕ್ಕ ಹಾಕಿದೆ,
ಏಳುನೂರ ಐವತ್ತಾರಕ್ಕೆ ಎಷ್ಟು ಜಲ್ಲಿ ಬರುತ್ತದೆ?
ಒಂದು ಬೊಗಸೆ? ಎರಡು?
ಯಾವುದೋ ಶಾಲೆಯ ಮೆಟ್ಟಿಲಿಗೆ ಬಿದ್ದಿರಬಹುದು,
ರಸ್ತೆಗೆ ಬಿದ್ದಿರಬಹುದು.
ಗೋಡೆಗೆ ಬಿದ್ದಿದ್ದರೆ
ಆ ತಾಯಿಯ ಕಣ್ಣಿಗೂ ಕಡಲಿಗೂ ನಡುವೆ
ಎಲ್ಲೋ ಒಂದು ಬೊಗಸೆ ನಾನು.

ಏಪ್ರಿಲ್‌ನಲ್ಲಿ ಹಣ ಬಂತು.
ಆಗ ನಾನು ಹೊಸ ಜೀರುಂಡೆಯೊಂದರ
ನಾಲ್ಕನೆಯ ಕಾಲಿನಲ್ಲಿದ್ದೆ.